ನಾನು ತುಳಿಯದ ಮೂಲೆ

ಕಾವೂರಿನ ನಮ್ಮ ಎಮ್ಮೆಗಳ ಹಟ್ಟಿಯ ಹಿಂದೆ ಒಂದು ಹೆಗ್ಗಣದ ಬೋನು ಇದೆ. ದಿನವೂ ಸಂಜೆ ಅದಕ್ಕೆ ಸುಟ್ಟ ಕೊಬ್ಬರಿಯ ಚೂರು ಸಿಕ್ಕಿಸುವುದು ನನ್ನ ಕೆಲಸ. ಹೆಗ್ಗಣ ಬೀಳುವುದಿಲ್ಲ, ಬೀಳದೆಂದು ನನಗೆ ಗೊತ್ತು. ಗೊತ್ತಿದ್ದೂ, ನಿಮ್ಮಿಂದ ಮುಚ್ಚಿಡುವುದೇಕೆ, ತಪ್ಪದೆ ಕೊಬ್ಬರಿ ಸುಡುತ್ತೇನೆ.

ಹಂಪನಕಟ್ಟೆಯ ಹೋಟೆಲುಗಳಿಗೆ ಹಾಲು ಕೊಡುವ ನನ್ನ ಅಣ್ಣ ಕಳೆದ ಮಳೆಗಾಲದ ಕೊನೆಗೆ ಎಲ್ಲಿಂದಲೋ ಹೊಸ ವಿದ್ಯೆಯೊಂದನ್ನು ಕಲಿತು ಬಂದ. ಹಸಿಹುಲ್ಲನ್ನು ಕೊಚ್ಚಿ, ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು, ಮೇಲೆ ಮಣ್ಣು ಮೆತ್ತಿದರೆ ಬೇಸಗೆಯವರೆಗೂ ಕೆಡದೆ, ಹದವಾಗಿ ಹುಳಿತು ಉಳಿಯುತ್ತದಂತೆ. ನೆರೆಮನೆಯ ಬಾಬಣ್ಣ ಬೇಲಿಯಾಚೆ ನಿಂತು, "ಎಂತ ಮಾರಾಯ, ಎಮ್ಮೆಗೂ ಉಪ್ಪಿನಕಾಯಿ ಹಾಕಿಡುವುದಾ?" ಎಂದು ನಕ್ಕಿದ್ದರು. ಅಣ್ಣನೂ ನಕ್ಕ, ಆದರೆ ಗುಂಡಿಯನ್ನೇ ನಂಬಿ ಆ ಸಲ ಬೇಸಗೆಗೆಂದು ಒಣ ಬೈಹುಲ್ಲು ಕೂಡಿಡಲಿಲ್ಲ.

ಗುಂಡಿಯಲ್ಲಿ ಹಟ್ಟಿಯ ಗೋಡೆಯ ಬದಿಯ ಎರಡು ಮೂಲೆಗಳನ್ನು ತುಳಿಯುವ ಪಾಲು ನನ್ನದು. ಅನ್ನದ ಅಗುಳಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಅಮ್ಮ ಕಲಿಸಿದ್ದಳು. ಎಮ್ಮೆಯ ಅನ್ನದ ಮೇಲೆ ಹೇಗೆ ಕುಣಿಯಲಿ? ಅಣ್ಣ ಹುಲ್ಲಿನ ಹೊರೆ ತರಲು ಹೋದಾಗಲೆಲ್ಲ ಅಂಚಿನಲ್ಲಿ ಕುಳಿತು ಅಂಗೈಯಿಂದ ಮೆಲ್ಲಗೆ ಒತ್ತಿದೆ. ಕಾಲು ನೋಯುತ್ತಿದ್ದುದೂ ನಿಜ. ಭಕ್ತಿಗೂ ಮೈಗಳ್ಳತನಕ್ಕೂ ನಡುವಿನ ಗೋಡೆ ಎಷ್ಟು ತೆಳುವೆಂದು ಆಗ ತಿಳಿಯಲಿಲ್ಲ.

ಈ ಬೇಸಗೆಯಲ್ಲಿ ಗುಂಡಿ ತೆರೆದಾಗ ಅಣ್ಣ ತುಳಿದ ಹುಲ್ಲು ಕಳ್ಳಿನಂತೆ ಹುಳಿಹುಳಿಯಾಗಿ ಘಮ್ಮೆಂದಿತು. ಎಮ್ಮೆಗಳು ಹಗ್ಗ ಜಗ್ಗಿದವು. ನನ್ನ ಮೊದಲ ಮೂಲೆ ಮಾತ್ರ ಕಪ್ಪಾಗಿ ಬೂಷ್ಟು ಹಿಡಿದಿತ್ತು. ಅಣ್ಣ ಅದನ್ನು ಹೊತ್ತು ತಿಪ್ಪೆಗೆಸೆದು, "ಹೆಗ್ಗಣ ತೂತು ಮಾಡಿ ಗಾಳಿ ಬಿಟ್ಟದ್ದು. ನೀನು ಅಷ್ಟು ತುಳಿದದ್ದು ದಂಡ ಆಯ್ತು ಮಾರಾಯ್ತಿ" ಎಂದ. ನಾನು ಹೂಂ ಎಂದೆ. ಅಂದೇ ಬೋನು ಬಂತು.

ಮುಚ್ಚಿಟ್ಟದ್ದೆಲ್ಲ ಹದವಾಗುವುದಿಲ್ಲ. ಈಗ ಅಣ್ಣ ಅಗೆಯುತ್ತ ನನ್ನ ಎರಡನೆಯ ಮೂಲೆಯ ಬಳಿ ಬಂದಿದ್ದಾನೆ. ಆ ಕಡೆ ತೂತಿಲ್ಲವೆಂದು ಅವನಿಗೆ ಧೈರ್ಯ. ನಸುಕಿನಲ್ಲಿ, ಹಾಲು ಹೊರುವ ಅವಸರದಲ್ಲಿ, ಬುಟ್ಟಿ ತುಂಬುವವನ ಕಣ್ಣಿಗೆ ಬೂಷ್ಟು ಬೀಳದಿದ್ದರೆ? ಗಬ್ಬದ ಎಮ್ಮೆ ಅದನ್ನು ತಿಂದು ದಿನ ತುಂಬುವ ಮೊದಲೇ ಕಂದು ಹಾಕಿದರೆ? ಹುಲ್ಲಿಗೆ ಕಾಲು ತಗುಲಬಾರದೆಂದವಳು ಕರುವಿನ ಮೇಲೆ ಕಾಲಿಟ್ಟಂತಾಗದೆ?

ಇಂದು ಸಂಜೆ ನಾನು ಕೊಬ್ಬರಿ ಸುಡಲಿಲ್ಲ. ಖಾಲಿ ಬೋನನ್ನು ತಂದು, ಅಣ್ಣ ಕಾಲು ತೊಳೆಯುವ ಕಲ್ಲಿನ ಮೇಲೆ ಇಟ್ಟಿದ್ದೇನೆ. ಎಂತಕ್ಕೆ ಇದು ಇಲ್ಲಿ ಎಂದು ಕೇಳದೆ ಅವನು ಒಳಗೆ ಬರಲಾರ. ಕೇಳಿದ ಮೇಲೆ ಎರಡೂ ಮೂಲೆಗಳ ನಿಜ ನಾನು ಹೇಳಲೇಬೇಕು. ಬೇಲಿಯ ಬಳಿ ಹಾಲಿನ ಪಾತ್ರೆಗಳ ಸದ್ದು ಕೇಳಿಸುತ್ತಿದೆ.