ಹಲ್ಲಕ್ಕ ಒಬ್ಬಳೇ ಹೊರಟದ್ದು

ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಅದಕ್ಕೇ ಬೀದಿಯ ಮಕ್ಕಳು ಅವಳನ್ನು ಹಲ್ಲಕ್ಕ ಎಂದು ಕರೆಯತೊಡಗಿದರು. ಬರಬರುತ್ತ ದೊಡ್ಡವರ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದೆ ಒಂದೇ ಕಿಟಕಿಯ ಕೋಣೆ. ಕ್ಲಿನಿಕ್ಕಿನಿಂದ ಬಂದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ಕೂರಿಸುತ್ತ ಅವಳು ಅಲ್ಲೇ ದಿನ ಕಳೆಯುತ್ತಿದ್ದಳು. ಉಜ್ಜುವ ಮೋಟರಿನ ಸದ್ದಿಗೆ ಒಗ್ಗಿಹೋಗಿ ಮನೆಯಲ್ಲೂ ಗಂಟಲು ಏರಿಸಿಯೇ ಮಾತಾಡುತ್ತಿದ್ದಳು. ದಾರಿಯಲ್ಲಿ ಯಾರಾದರೂ ನಕ್ಕರೆ ಮೊದಲು ಹಲ್ಲು ನೋಡಿ, ಆಮೇಲೆ ಮುಖ ನೋಡುವಳು.

ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಒಂಬತ್ತು ವರ್ಷದ ಮಗಳು, ಆರು ತುಂಬಿದ ಮಗ, ಜೊತೆಗೆ ಅತ್ತೆ. ಮಗ ಹುಟ್ಟಿದಾಗಿನಿಂದ ಹಲ್ಲಕ್ಕ ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ. ಅಂಥವಳ ಹತ್ತಿರ ಡಾಕ್ಟರು ಒಂದು ಮಧ್ಯಾಹ್ನ ಬಂದು ಬಾಗಿಲಿಗೊರಗಿ ನಿಂತರು.

"ಹೊರದೇಶದಲ್ಲಿ ಒಂದು ವಾರ ತರಬೇತಿ ಇದೆಯಮ್ಮ. ಕಂಪ್ಯೂಟರಲ್ಲಿ ಹಲ್ಲಿನ ಚಿತ್ರ ಬರೆದು ಮೆಷಿನ್ನಲ್ಲಿ ಕೆತ್ತೋದು. ನಾನು ಹೋಗಿ ಏನು ಮಾಡ್ಲಿ? ಹಲ್ಲು ಮಾಡೋಳು ನೀನು. ನೀನೇ ಹೋಗಿ ಬಾ."

"ಒಬ್ಬಳೇನಾ ಸಾರ್?"

"ಮತ್ತೆ ಮನೆಮಂದೀನೆಲ್ಲ ಕಟ್ಕೊಂಡು ಹೋಗ್ತೀಯಾ?"

ಮನೆಯಲ್ಲಿ ಹೇಗೂ ಬೇಡ ಅನ್ನುತ್ತಾರೆ, ಅದನ್ನೇ ಡಾಕ್ಟರಿಗೆ ಹೇಳಿದರಾಯಿತು ಎಂದುಕೊಂಡೇ ಅವಳು ಸಂಜೆ ವಿಷಯ ತೆಗೆದಳು. ಆದರೆ ಗಂಡ ತಲೆ ಎತ್ತದೆ, "ಹೋಗಿ ಬಾ. ದಿನಾ ಒಂದು ವ್ಯಾನ್ ತುಂಬ ಮಕ್ಕಳನ್ನ ನೋಡ್ಕೋತೀನಿ. ಇವೆರಡು ನನಗೆ ಭಾರಾನಾ?" ಎಂದ.

"ಅರ್ಧ ಗಂಟೆ ನೋಡ್ಕೊಂಡು ಅವರವರ ಮನೆ ಮುಂದೆ ಇಳಿಸೋದು ಬೇರೆ ರೀ. ಇವು ಇಳಿಯೋದೇ ಇಲ್ಲ."

"ನಾನಿಲ್ವಾ?" ಎಂದರು ಅತ್ತೆ. "ಇವನನ್ನೇ ಸಾಕಿದೋಳು ನಾನು."

ಮಗಳು ಬಣ್ಣದ ಪೆನ್ಸಿಲ್ ತರಲು ಹೇಳಿದಳು. ಮಗ ವಿಮಾನದ ಕಿಟಕಿ ತೆಗೆಯಬಹುದಾ ಎಂದು ಕೇಳಿದ. ಹೋಗಬೇಡ ಎಂದು ಒಂದು ನರಪಿಳ್ಳೆಯೂ ಹೇಳಲಿಲ್ಲ. ಹಲ್ಲಕ್ಕನಿಗೆ ಒಳಗೊಳಗೇ ಸ್ವಲ್ಪ ಚುರುಕ್ಕೆಂದಿತು. ಆದರೂ ಹೊರಟಳು.

ತರಬೇತಿಗೆ ಬರುವವರು ತಮ್ಮ ಕೈಕೆಲಸದ ಒಂದು ಮಾದರಿ ತರಬೇಕು ಎಂದಿದ್ದರು. ಅತ್ತೆಗೆ ಎರಡು ಜೊತೆ ಹಲ್ಲು ಮಾಡಿಕೊಟ್ಟಿದ್ದಳು: ಒಂದು ದಿನಬಳಕೆಗೆ, ಒಂದು ಹೊರಗೆ ಹೋಗುವಾಗ. ಅತ್ತೆ ಎರಡನೆಯದನ್ನು ಡಬ್ಬಿ ಸಮೇತ ಕೊಟ್ಟು, "ನಾನಂತೂ ವಿಮಾನ ಹತ್ತಲಿಲ್ಲ. ನನ್ನ ಹಲ್ಲಾದ್ರೂ ಹತ್ಲಿ," ಎಂದರು.

ವಿಮಾನ ನಿಲ್ದಾಣದಲ್ಲಿ ಆ ಡಬ್ಬಿ ತಪಾಸಣೆಯ ಯಂತ್ರದೊಳಗೆ ಹೋಯಿತು. ಬೆಲ್ಟು ಅಲ್ಲೇ ನಿಂತಿತು. ದಪ್ಪ ಮೀಸೆಯ ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದವನು ಎರಡು ಹೆಜ್ಜೆ ಹಿಂದೆ ಸರಿದ.

"ಯಾರದಮ್ಮ ಇದು?"

"ನಮ್ಮ ಅತ್ತೇದು."

"ಅತ್ತೆ ಎಲ್ಲಿ?"

"ಮನೇಲಿದಾರೆ."

"ಅವರನ್ನ ಮನೇಲಿ ಬಿಟ್ಟು ಹಲ್ಲು ತಗೊಂಡು ಹೋಗ್ತಿದೀರಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಲ್ಲಕ್ಕ ಬೆವರುತ್ತಲೇ ತನ್ನ ಕೆಲಸ, ತರಬೇತಿ, ಅತ್ತೆಯ ಇನ್ನೊಂದು ಜೊತೆ ಎಲ್ಲವನ್ನೂ ವಿವರಿಸಿದಳು. ಮೋಟರಿನ ಅಭ್ಯಾಸದ ಗಂಟಲಾದ್ದರಿಂದ ಆಚೆ ಸಾಲಿನವರಿಗೂ ವಿಷಯ ತಿಳಿಯಿತು. ಅಧಿಕಾರಿ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ, ಜೋಪಾನವಾಗಿ ಡಬ್ಬಿಗಿಟ್ಟು, ದನಿ ತಗ್ಗಿಸಿದ. "ನಮ್ಮಪ್ಪಂದು ಮಾತಾಡೋವಾಗ ಜಾರತ್ತೆ. ಏನು ಮಾಡ್ಬೇಕು?"

"ಒಸಡು ಸವೆದಿರತ್ತೆ ಸಾರ್. ಹೊಸ ಅಳತೆ ಕೊಡಿಸಿ," ಎಂದು ಅವಳು ಚೀಲ ಎತ್ತಿಕೊಂಡಳು. ಅಳು ಬರುತ್ತದೇನೋ ಎಂದು ಹೆದರಿದ್ದ ಗಳಿಗೆಯದು. ನಗು ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ವಿಮಾನದ ಕಡೆ ನಡೆದಳು.

ಹೋಟೆಲಿನ ಕೋಣೆ ಪುಟ್ಟದು. ಒಂದು ಮಂಚ, ಒಂದು ಕುರ್ಚಿ, ಒಂದು ಲೋಟ. ಬೆಳಗಾಗುವ ಮೊದಲೇ ಅವಳಿಗೆ ಎಚ್ಚರವಾಯಿತು. ಎಬ್ಬಿಸಲು ಯಾರೂ ಇಲ್ಲ, ಜಡೆ ಹಾಕಲು ಯಾರೂ ಇಲ್ಲ, ಇನ್ನೊಂದು ಕಾಲುಚೀಲ ಎಲ್ಲಿ ಎಂದು ಕೂಗುವವರಿಲ್ಲ. ಸ್ನಾನ ಮುಗಿಸಿ, ಬಟ್ಟೆ ಉಟ್ಟು, ಮಂಚದ ಅಂಚಿನಲ್ಲಿ ಯಾರದೋ ಮನೆಗೆ ಬಂದ ನೆಂಟರ ಹಾಗೆ ಕೈಕಟ್ಟಿ ಕೂತಳು.

ಪಾಠ ಮಾತ್ರ ಚೆನ್ನಾಗಿತ್ತು. ಪರದೆಯ ಮೇಲೆ ಹಲ್ಲನ್ನು ತಿರುಗಿಸಿ, ಉದ್ದ ಮಾಡಿ, ಗಿಡ್ಡ ಮಾಡಿ ನೋಡುವುದರಲ್ಲಿ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕಲಿಸುವಾಕೆ ಅತ್ತೆಯ ಹಲ್ಲನ್ನು ಕೈಯಿಂದ ಕೈಗೆ ದಾಟಿಸಿ, ಮೇಲಿನ ಒಂದು ಹಲ್ಲು ಸೊಟ್ಟಗಿದೆಯಲ್ಲ ಎಂದು ಕೇಳಿದಳು. ಹಲ್ಲಕ್ಕ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು: ಅತ್ತೆಯ ಸ್ವಂತ ಹಲ್ಲು ಸೊಟ್ಟಗಿತ್ತು, ನೆಟ್ಟಗೆ ಮಾಡಿದರೆ ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದರು. ಇಡೀ ತರಗತಿ ನಕ್ಕಿತು. ಅಂದಿನಿಂದ ಎಲ್ಲರೂ ಅವಳ ಅತ್ತೆಯ ಕ್ಷೇಮ ವಿಚಾರಿಸತೊಡಗಿದರು.

ಆದರೆ ತರಗತಿ ಮುಗಿದದ್ದೇ ಅವಳು ನೆಟ್ಟಗೆ ಕೋಣೆಗೆ ಬಂದು ಫೋನಿನ ಮುಂದೆ ಕೂರುತ್ತಿದ್ದಳು. ಊಟಕ್ಕೆ ಮೂಲೆಯ ಅಂಗಡಿ. ಎರಡನೆಯ ಸಂಜೆ ಅಲ್ಲಿ ಸೂಪು, ಬ್ರೆಡ್ಡು ತರಿಸಿಕೊಂಡು, ಬ್ರೆಡ್ಡಿನ ಅಂಚನ್ನೆಲ್ಲ ತಾನು ತಿಂದು, ಮೆತ್ತಗಿನ ನಡುಭಾಗವನ್ನು ತುಂಡು ತುಂಡು ಮಾಡಿ ತಟ್ಟೆಯ ಪಕ್ಕಕ್ಕೆ ಸರಿಸಿದಳು. ಆಮೇಲೆ ಪಕ್ಕದ ಖಾಲಿ ಕುರ್ಚಿ ನೋಡಿದಳು. ಯಾರೂ ಗಮನಿಸಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆ ತುಂಡುಗಳನ್ನು ಸೂಪಿನಲ್ಲಿ ಅದ್ದಿ ಒಂದೊಂದಾಗಿ ತಾನೇ ತಿಂದಳು. ಮಕ್ಕಳಿಗೆ ಬಿಟ್ಟುಕೊಡುವ ಆ ಮೆತ್ತಗಿನ ಭಾಗ ತಿಂದು ಎಷ್ಟು ವರ್ಷವಾಗಿತ್ತೋ, ರುಚಿಯಾಗಿತ್ತು.

ಮೂರನೆಯ ಸಂಜೆ ಫೋನಿನಲ್ಲಿ ಮಗ ಬಾಯಿಗೆ ಅಂಗೈ ಅಡ್ಡ ಹಿಡಿದೇ ಕೂತಿದ್ದ. ಏನು ಕೇಳಿದರೂ ತಲೆಯಾಡಿಸುವನು.

"ಯಾಕೋ ಪುಟ್ಟ, ಬಾಯಿಗೆ ಏನಾಯ್ತು?"

"ಏನಿಲ್ಲ, ಏನಿಲ್ಲ," ಎಂದ ಗಂಡ, ಹಿಂದಿನಿಂದ.

"ಹಲ್ಲು ಬಿತ್ತಮ್ಮ," ಎಂದಳು ಮಗಳು. "ಹೇಳ್ಬಾರ್ದು ಅಂತ ಅಪ್ಪ ಹೇಳಿದಾರೆ."

ಮಗನ ಮೊದಲ ಹಾಲುಹಲ್ಲು. ತಾನು ಹೊರಡುವಾಗ ಅಲ್ಲಾಡುತ್ತಿತ್ತು. ಊರಿನವರಿಗೆಲ್ಲ ಹಲ್ಲು ಕಟ್ಟಿಕೊಡುವವಳು ಸ್ವಂತ ಮಗನ ಹಲ್ಲು ಬಿದ್ದಾಗ ಇರಲಿಲ್ಲ. ಹಲ್ಲಕ್ಕ ಫೋನನ್ನು ಮುಖದ ಹತ್ತಿರ ಎಳೆದುಕೊಂಡಳು. "ಯಾಕ್ರೀ ಮುಚ್ಚಿಟ್ರಿ?"

"ನೀನು ಅಲ್ಲಿ ಒಬ್ಬಳೇ ಅಳ್ತಾ ಕೂರ್ತೀಯ ಅಂತ," ಎಂದ ಗಂಡ. "ನೀನು ಬರೋ ತನಕ ತಡೀಲಿ ಅಂತ ಇವನು ಎರಡು ದಿನ ಒಂದೇ ಕಡೆ ಅಗಿದ. ಇವತ್ತು ವ್ಯಾನಲ್ಲಿ ಸೀನಿದ, ಬಿತ್ತು. ಇಡೀ ವ್ಯಾನೇ ಸೀಟಿನಡಿ ಹುಡುಕಿತು."

"ಸಿಕ್ತಾ?"

"ಪಕ್ಕದ ಹುಡುಗಿ ಟಿಫನ್ ಡಬ್ಬೀಲಿತ್ತು."

ಹಲ್ಲಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂದವು. "ಕೈ ತೆಗಿ ಪುಟ್ಟ. ದೀಪದ ಕಡೆ ತಿರುಗು. ಇನ್ನೂ ದೊಡ್ಡದಾಗಿ ಆ... ಅನ್ನು." ಮಗ ಬಾಯಿ ಅಗಲಿಸಿದ. ಕೆಳಗಿನ ಸಾಲಿನ ನಡುವೆ ಅಚ್ಚುಕಟ್ಟಾದ ಕಿಂಡಿ. ಅದರೊಳಗಿಂದ ನಾಲಿಗೆಯ ತುದಿ ಇಣುಕಿತು.

"ಅಮ್ಮ, ನೀನು ಅಲ್ಲಿ ಏನು ನೋಡ್ದೆ?" ಎಂದು ಅವನು ಕೇಳಿದ.

ಹಲ್ಲಕ್ಕ ಯೋಚಿಸಿದಳು. ಕೋಣೆ ನೋಡಿದ್ದಳು, ತರಗತಿ ನೋಡಿದ್ದಳು, ಮೂಲೆಯ ಅಂಗಡಿ ನೋಡಿದ್ದಳು. "ನಾಳೆ ಹೇಳ್ತೀನಿ," ಎಂದಳು.

ಮರುದಿನ ಸಂಜೆ ಅವಳು ಕೋಣೆಯ ದಾರಿ ಬಿಟ್ಟು ನದಿಯ ಕಡೆ ತಿರುಗಿದಳು. ಆಚೆ ದಡಕ್ಕೆ ದೋಣಿ ಹೋಗುತ್ತಿತ್ತು. ಟಿಕೆಟ್ಟಿನ ಕಿಟಕಿಯ ಮುಂದೆ ಅಭ್ಯಾಸಬಲದಿಂದ ಎರಡು ಫುಲ್ಲು, ಎರಡು ಹಾಫು ಎನ್ನಲು ಹೊರಟು, ತಡವರಿಸಿ, ಒಂದು ಬೆರಳೆತ್ತಿದಳು. ಮುಂದುಗಡೆ ಕಂಬಿ ಹಿಡಿದು ನಿಂತಳು. ಬಗ್ಗಬೇಡ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಹಾಗಾಗಿ ತಾನೇ ಬಗ್ಗಿ ನೋಡಿದಳು. ನೀರು ಮುಖಕ್ಕೆ ಸಿಡಿಯಿತು. ಆಚೆ ದಡದ ಬೀದಿಯಲ್ಲಿ ಪೆನ್ಸಿಲ್ ಕೊಂಡಳು, ದಾರಿ ತಪ್ಪಿದಳು, ಹೂ ಮಾರುವ ಮುದುಕಿಯ ಹತ್ತಿರ ಕೈಸನ್ನೆಯಲ್ಲೇ ದಾರಿ ಕೇಳಿಕೊಂಡಳು. ಮಕ್ಕಳ ನೆನಪು ಬರಲಿಲ್ಲವೆಂದಲ್ಲ. ಬಂದಾಗೆಲ್ಲ, ಇದನ್ನು ಅವರಿಗೆ ಹೇಳಬೇಕು ಎನ್ನಿಸುತ್ತಿತ್ತು. ಆಗ ಕಾಲು ಇನ್ನೂ ಮುಂದಕ್ಕೇ ಹೋಗುತ್ತಿತ್ತು. ಉಳಿದ ಸಂಜೆಗಳಲ್ಲಿ ಮನೆಯವರೇ ಫೋನಿನ ಮುಂದೆ ಕೂತು ಅವಳಿಗಾಗಿ ಕಾದರು.

ಊರಿಗೆ ಬಂದಿಳಿದಾಗ ಗಂಡ ಖಾಲಿ ವ್ಯಾನಿನಲ್ಲಿ ಮಕ್ಕಳನ್ನು ಕರೆತಂದಿದ್ದ. ಮಗಳ ಜಡೆ ಒಂದು ಕಿವಿಯ ಮೇಲೆ, ಇನ್ನೊಂದು ಕತ್ತಿನ ಹಿಂದೆ. ಮಗನ ಅಂಗಿ ತಿರುವುಮುರುವು. ಇಬ್ಬರೂ ಒಟ್ಟಿಗೆ ಮಾತಾಡಿದ್ದರಿಂದ ಮನೆ ಸೇರುವವರೆಗೂ ಅವಳಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ, ಪಾತ್ರೆ ಒರೆಸುತ್ತಿದ್ದ ಗಂಡ ಸುಮ್ಮನೆ ಕೇಳುವವನ ಹಾಗೆ ಕೇಳಿದ. "ಒಬ್ಬರೇ ಹೋದ್ರೆ ಹೇಗಿರತ್ತೆ?"

"ಯಾಕ್ರೀ?"

"ಇಷ್ಟು ವರ್ಷ ಗಾಡಿ ಓಡಿಸಿದೀನಿ. ಬೇರೆಯೋರು ಓಡಿಸೋವಾಗ ಕಿಟಕಿ ಪಕ್ಕ ಕೂತೇ ಇಲ್ಲ."

ಶಾಲೆಗೆ ರಜೆ ಬಂದ ಕೂಡಲೇ ಹಲ್ಲಕ್ಕ ಅವನ ಚೀಲ ಕಟ್ಟಿದಳು. ಎಲ್ಲೋ ದೂರದಲ್ಲಿದ್ದ ಹಳೆಯ ಗೆಳೆಯನ ಊರಿಗೆ ರೈಲು. ನಿಲ್ದಾಣದಲ್ಲಿ ಅವನು ಮೆಟ್ಟಿಲು ಹತ್ತಿ, ಇಳಿದು ಬಂದು, ಗ್ಯಾಸ್ ಆರಿಸೋದು ಮರೀಬೇಡ ಎಂದ. ಮತ್ತೆ ಹತ್ತಿ, ಮತ್ತೆ ಇಳಿದು, ಅಮ್ಮನ ಮಾತ್ರೆ ಎಂದ.

"ಹತ್ರೀ ಸಾಕು," ಎಂದು ಹಲ್ಲಕ್ಕ ನಗುತ್ತ ಅವನ ಬೆನ್ನಿಗೆ ಕೈಯಿಟ್ಟು ತಳ್ಳಿದಳು. ರೈಲು ಹೊರಟಿತು. ಕಿಟಕಿಯ ಪಕ್ಕ ಕೂತವನು ಆಗಲೇ ಆಚೆ ಬದಿ ನೋಡತೊಡಗಿದ್ದ, ಕೈಬೀಸುವುದನ್ನೂ ಮರೆತು.