ದಪ್ಪ ಹಲಗೆ, ತೆಳು ಹಲಗೆ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಿಕೋಟಾದ ಶಾಲೆಯಲ್ಲಿ ನನ್ನ ಗಣಿತದ ಪಾಠಕ್ಕೆ ಕೂತು ಹೋದವರು ಯಾರೂ ಇದನ್ನು ನಂಬುವುದಿಲ್ಲ. ಅಲ್ಲಿ ನಾನು ಹುಲಿ. ವಿಜಯಪುರದ ಮನೆಯಲ್ಲಿ ಮಾತ್ರ, ಮಗಳು ಸ್ಕೂಟಿ ತೆಗೆದುಕೊಂಡು ಪಕ್ಕದ ತೊರವಿಗೆ ಹೋಗಿ ಅರ್ಧ ಗಂಟೆ ತಡ ಮಾಡಿದರೆ ಗೇಟಿನ ಹತ್ತಿರ ಬಂದು ನಿಂತುಬಿಡುತ್ತೇನೆ.

ಅಂಥವನ ಮಗಳು ಹೋಗಿ ಹೋಗಿ ಕಲಿತದ್ದು ಕೈಟ್‌ಸರ್ಫಿಂಗ್. ನಮ್ಮ ಪಡಸಾಲೆಯಷ್ಟು ಅಗಲದ ಗಾಳಿಪಟವನ್ನು, ನಮ್ಮ ಕಡೆಯ ಮಾತಿನಲ್ಲಿ ಪತಂಗವನ್ನು, ಮೇಲೆ ಬಿಟ್ಟು, ಅದರ ದಾರಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಅದು ಎಳೆದ ಕಡೆ ನೀರಿನ ಮೇಲೆ ಹಲಗೆಯಲ್ಲಿ ನಿಂತು ಓಡುವ ಆಟ. ದೈಹಿಕ ಶಿಕ್ಷಣದ ಪದವಿ ಮುಗಿಸಿ ತಮಿಳುನಾಡಿನ ಕಡಲ ದಂಡೆಯ ಶಿಬಿರವೊಂದಕ್ಕೆ ಹೋದವಳು ಆರು ತಿಂಗಳಿಗೆ ಬಿಸಿಲಲ್ಲಿ ಕರಕಲಾಗಿ ಬಂದಳು. ಬಂದವಳೇ, ಬಬಲೇಶ್ವರದ ಆಚೆ ಕಾಲುವೆ ನೀರು ತುಂಬಿಸಿದ ಕೆರೆಯಿದೆಯಲ್ಲ, ಆಷಾಢದ ಗಾಳಿಗೆ ಅಲ್ಲಿಯೇ ಆಡಬಹುದು ಎಂದಳು. ನಮ್ಮ ಕಡೆಯ ಆಷಾಢದ ಗಾಳಿ ಮನೆಯ ಮೇಲಿನ ತಗಡನ್ನೇ ಹಾರಿಸುತ್ತದೆ. ನನ್ನ ಮಗಳ ತೂಕ ಐವತ್ತು ಕಿಲೋ.

ಶಿಬಿರದಲ್ಲಿ ಅವಳು ಆಡಿದ್ದು ಕಾಲಿಗೆ ಪಟ್ಟಿ ಇರುವ ಗಿಡ್ಡ ಹಲಗೆಯ ಮೇಲೆ. ಈಗ ಅವಳದೇ ಒಂದು ಸರ್ಫ್‌ಬೋರ್ಡ್ ಬೇಕಿತ್ತು, ಮೊದಲನೆಯದು. ಶಿಬಿರದವರು ಹಳೆಯವು ಎರಡನ್ನು ಬಸ್ಸಿಗೆ ಹಾಕಿ ಕಳಿಸಿದರು: ನೋಡಿ ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ವಾಪಸು ಕಳಿಸಿ. ಸೊಲ್ಲಾಪುರ ರಸ್ತೆಯ ಪಾರ್ಸಲ್ ಆಫೀಸಿನಿಂದ ಟಂಟಂ ಗಾಡಿಯಲ್ಲಿ ತಂದು ಪಡಸಾಲೆಯ ಗೋಡೆಗೆ ಒರಗಿಸಿದೆವು. ಒಂದು ತೆಳ್ಳಗೆ, ಕಿರಿದಾಗಿತ್ತು. ಇನ್ನೊಂದು ದಪ್ಪ, ಅಗಲ, ಹೊಟ್ಟೆ ಉಬ್ಬಿದ್ದು.

"ಇಸ್ತ್ರಿ ಮಾಡಾಕ ಚಲೋ ಆಗತೈತಿ ನೋಡ್ರಿ," ಎಂದಳು ನನ್ನ ಹೆಂಡತಿ.

ನನಗೆ ನಗು ಬರಲಿಲ್ಲ. ನಾನು ದಪ್ಪನೆಯದನ್ನು ಎತ್ತಿ ನೋಡಿದೆ, ಬೆರಳಿನಿಂದ ಬಡಿದು ನೋಡಿದೆ. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ನಾವು ಬಾವಿಯಲ್ಲಿ ಈಜು ಕಲಿತ ಜನ. ತಿಕೋಟಾದ ಹೊಲದ ಬಾವಿಯಲ್ಲಿ ನನ್ನಪ್ಪ ನನಗೆ ಕಲಿಸಿದ, ನಾನು ಮಗಳಿಗೆ ಕಲಿಸಿದೆ. ಬೆನ್ನಿಗೆ ಬೆಂಡು ಕಟ್ಟುವುದು, ಸೊಂಟಕ್ಕೆ ಹಗ್ಗ ಕಟ್ಟುವುದು, ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಕೂತ ಹಿರಿಯರ ಕೈಯಲ್ಲಿ. ಬೆಂಡು ದೊಡ್ಡದಿದ್ದಷ್ಟು ಜೀವ ಗಟ್ಟಿ. ಈಜು ಬಂದಂತೆ ಬೆಂಡಿನ ಒಂದೊಂದೇ ತುಂಡು ಬಿಚ್ಚುತ್ತಾರೆ. ನಾನು ನನ್ನ ಮಗಳ ಕೊನೆಯ ತುಂಡನ್ನು ಎರಡು ಬೇಸಿಗೆ ಬಿಚ್ಚಿರಲಿಲ್ಲ. ಊರವರು ನಕ್ಕರು, ನಗಲಿ.

"ದಪ್ಪಂದ ಇಟ್ಕೋ," ಎಂದೆ.

"ಅಪ್ಪಾ, ನನ್ನ ಎತ್ತೂದು ಪತಂಗ್ರಿ. ಹಲಗಿ ತೇಲಸಬೇಕಂತಿಲ್ಲ. ಕೆರ್‍ಯಾಗ ತೆರಿ ಸಣ್ಣೂ, ಒತ್ತೊತ್ತಾಗಿ ಬರತಾವು. ಅದರ ಮ್ಯಾಲ ದಪ್ಪಂದು ಕುಣೀತೈತಿ, ತೆಳ್ಳಂದು ಕೊರಕೊಂಡು ಹೋಗತೈತಿ."

"ಬಿದ್ರ ಏನ ಹಿಡೀತಿ? ತೆಳ್ಳಂದು ನಿನ್ನ ತೇಲಸತೈತೇನು?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಆಯಿತೆಂದು ತಲೆಯಾಡಿಸಿದಳು. ಗೆದ್ದೆ ಎಂದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಹಲಗೆಯನ್ನು ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡರೆ ಮಾತ್ರ ನೀರಿಗೆ ಇಳಿಯಬೇಕು ಎಂದೆ. ಶಿಬಿರದಲ್ಲಿ ಯಾರೂ ಹಾಗೆ ಕಟ್ಟಿಕೊಳ್ಳುವುದಿಲ್ಲ ಎಂದಳು. ಅಲ್ಲಿಯವರು ಯಾರೂ ನಿನ್ನಪ್ಪ ಅಲ್ಲ ಎಂದೆ. ಹೊಸ ನೈಲಾನ್ ಹಗ್ಗವನ್ನು ನಾನೇ ತಂದು, ಗಂಟನ್ನು ಮೂರು ಸಲ ಜಗ್ಗಿ ನೋಡಿ ಕಟ್ಟಿದೆ.

ಕೆರೆಗೆ ಹೋದ ದಿನ ನಿಡೋಣಿಯಿಂದ ಅವಳ ಗೆಳತಿಯೂ ಬಂದಿದ್ದಳು, ಪತಂಗ ಹಿಡಿದು ಬಿಡಲು. ಗಾಳಿ ನೀರನ್ನು ಕೆರೆಯ ಒಡ್ಡಿಗೆ ತಂದು ಬಡಿಯುತ್ತಿತ್ತು, ಬಡಿದ ನೀರು ತಿರುಗಿ ಹೋಗಿ ಬರುವ ತೆರೆಗೆ ಡಿಕ್ಕಿ ಹೊಡೆಯುತ್ತಿತ್ತು. ಮೊಣಕಾಲೆತ್ತರದ ತೆರೆಗಳೇ, ಆದರೆ ಒಂದಕ್ಕೂ ಹದ್ದುಬಸ್ತಿಲ್ಲ. ಹೆಲ್ಮೆಟ್ಟು, ತೇಲುವ ಜಾಕೀಟು ಹಾಕಿಕೊಂಡು ಮಗಳು ಇಳಿದಳು. ಕಿತ್ತಳೆ ಬಣ್ಣದ ಪತಂಗ ಮೇಲೇರಿತು. ಅವಳು ಎದ್ದು ನಿಂತಳು.

ಹಲಗೆ ಕುಣಿಯತೊಡಗಿತು. ಅವಳು ಹೇಳಿದಂತೆಯೇ. ಪ್ರತಿ ತೆರೆಗೂ ಅದರ ಮೂತಿ ಮೇಲೆದ್ದು ಪಟ್ ಎಂದು ನೀರಿಗೆ ಬಡಿಯುತ್ತಿತ್ತು, ಅವಳ ಮೊಣಕಾಲು ಅದುರುವುದು ದಂಡೆಗೂ ಕಾಣುತ್ತಿತ್ತು. ನಾಲ್ಕನೆಯದೋ ಐದನೆಯದೋ ತೆರೆಗೆ ಬಿದ್ದಳು. ಬಿದ್ದರೂ ಪತಂಗ ಎಳೆಯುವುದನ್ನು ಬಿಡಲಿಲ್ಲ. ಅವಳು ಮುಂದೆ, ಹಲಗೆ ಹಿಂದೆ ನೀರಲ್ಲಿ ಸಿಕ್ಕಿಕೊಂಡು, ನಡುವೆ ನನ್ನ ಹಗ್ಗ ಬಿಗಿಯಿತು. ಒಂದು ಕ್ಷಣ ಹಲಗೆ ನೀರಿನೊಳಗೆ ಮುಳುಗಿತು, ಮರುಕ್ಷಣ ಜಿಗಿದು ಅವಳ ಮೇಲೆ ಬಂತು.

ಸದ್ದು ನನಗೆ ಕೇಳಿಸಲಿಲ್ಲ, ಕೇಳಿಸುವಷ್ಟು ಹತ್ತಿರವೂ ಇರಲಿಲ್ಲ. ಪತಂಗ ಮಡಚಿಕೊಂಡು ನೀರಿಗೆ ಬಿತ್ತು. ತೆರೆಗಳ ನಡುವೆ ಅವಳ ತಲೆ ಕಾಣಲಿಲ್ಲ. ಗೆಳತಿ ಚೀರುತ್ತ ನೀರಿಗೆ ಹಾರಿದಳು. ಆಳದ ಬಾವಿಗೆ ಮೇಲಿನಿಂದ ಜಿಗಿಯುತ್ತಿದ್ದ ನಾನು, ಈಜು ಕಲಿಸಿದ ನಾನು, ಒಡ್ಡಿನ ಕಲ್ಲಿನ ಮೇಲೆ ನಿಂತೇ ಇದ್ದೆ. ಅಷ್ಟು ಹೆದರಿಕೆಯನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ.

ಅವಳು ತಾನೇ ಬಂದಳು. ಪತಂಗದ ಎಳೆತ ಬಿಡಿಸುವ ಕೀಲನ್ನು ತಾನೇ ಎಳೆದು ಬಿಚ್ಚಿದ್ದಳು, ಹಗ್ಗವನ್ನೂ ಬಿಚ್ಚಿದ್ದಳು. ಗದ್ದ ಒಡೆದು ಜಾಕೀಟಿನ ಮುಂಭಾಗವೆಲ್ಲ ರಕ್ತ. ಗೆಳತಿಯ ಭುಜ ಹಿಡಿದು ದಂಡೆಗೆ ಬಂದು, ನನ್ನನ್ನು ನೋಡಿ, "ಏನಾಗಿಲ್ರಿ ಅಪ್ಪಾ, ಕೂಡ್ರಿ ನೀವು," ಎಂದಳು. ನಾನು ಕೂತೆ.

ಬಬಲೇಶ್ವರದ ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದರು. ವಿಜಯಪುರಕ್ಕೆ ಬರುವ ದಾರಿಯುದ್ದಕ್ಕೂ ಆ ಶಿಬಿರದವರನ್ನು ಬೈದೆ, ಗಾಳಿಯನ್ನು ಬೈದೆ, ಹಲಗೆ ಮಾಡಿದವನನ್ನೂ ಬೈದೆ. ಅಂಗೈ ಮೇಲಿನ ಹುಣ್ಣಿಗೆ ಕನ್ನಡಿ ಯಾಕೆ? ಆದರೂ ಕೇಳಿದೆ.

"ಹಗ್ಗಾ ಕಟ್ಟಿದ್ರ ಹಿಂಗ ಆಗತೈತಂತ ನಿನಗ ಗೊತ್ತಿತ್ತೇನು?"

ಅವಳು ಕಿಟಕಿಯ ಹೊರಗೆ ನೋಡುತ್ತ, ಗದ್ದ ಅಲುಗದಂತೆ ನಿಧಾನವಾಗಿ ಹೇಳಿದಳು. "ಗೊತ್ತಿತ್ರಿ. ಮೊದಲನೇ ದಿನಾನ ಕಲಿಸಿರತಾರ."

"ಮತ್ಯಾಕ ಕಟಗೊಂಡಿ?"

"ನೀವು ಅಂಜಿದ್ರಲ್ಲಾ, ಅದಕ್ಕ."

ನೀರಿಗೆ ಇಳಿಯುವಾಗ ಅವಳು ನೀರನ್ನಷ್ಟೇ ನೋಡಬೇಕಿತ್ತು. ನನ್ನ ಮಗಳು ನನ್ನನ್ನು ನೋಡಿಕೊಂಡು ಇಳಿದಿದ್ದಳು. ದಪ್ಪನೆಯ ಹಲಗೆಯನ್ನು ನಾನೇ ಗೋಣಿಯಲ್ಲಿ ಸುತ್ತಿ ವಾಪಸು ಕಳಿಸಿದೆ.

ಹೊಲಿಗೆ ಬಿಚ್ಚಿದ ಮೇಲಿನ ಭಾನುವಾರ ತೆಳ್ಳನೆಯದನ್ನು ಕಾರಿನ ಮೇಲೆ ಹಾಕಿಕೊಂಡು ಹೋದೆವು. ಮತ್ತೆ ಕೆರೆಗೆ ಹೋಗುತ್ತೇವೆಂದು ಸಿಟ್ಟಾಗಿ ಹೆಂಡತಿ ಎರಡು ದಿನದಿಂದ ಮಾತು ಬಿಟ್ಟಿದ್ದಳು. ಗೆಳತಿ ಪರೀಕ್ಷೆ ಬರೆಯಲು ಸೊಲ್ಲಾಪುರಕ್ಕೆ ಹೋಗಿದ್ದಳು, ಹಾಗಾಗಿ ಪತಂಗ ಹಿಡಿಯುವ ಕೆಲಸ ನನಗೆ ಬಂತು. ಎರಡೂ ಕೈಯಲ್ಲಿ ಅದರ ಅಂಚು ಹಿಡಿದು ನಿಲ್ಲಬೇಕು. ದಾರಗಳ ಆ ತುದಿಯಲ್ಲಿ ಅವಳು ನಿಂತು ಹೆಬ್ಬೆರಳು ಎತ್ತುತ್ತಾಳೆ, ಆಗ ಬಿಟ್ಟುಬಿಡಬೇಕು. "ಎಸೀಬ್ಯಾಡ್ರಿ, ಹಿಡದು ನಿಂದರಬ್ಯಾಡ್ರಿ, ಬರೇ ಬಿಡ್ರಿ," ಎಂದು ಎರಡು ಸಲ ಹೇಳಿಕೊಟ್ಟಳು.

ಅವಳು ಹೆಬ್ಬೆರಳು ಎತ್ತಿದಳು. ನಾನು ಬಿಡಲಿಲ್ಲ.

ಪತಂಗ ಕೈಯಲ್ಲಿ ಕಟ್ಟಿದ ಹೋರಿಯಂತೆ ಜಗ್ಗುತ್ತಿತ್ತು. ಅವಳು ಕೈ ಇಳಿಸಿ, ಗಾಳಿಗೆ ಎದುರಾಗಿ ಕೂಗಿದಳು.

"ಅಂಜಿಕಿ ಬಂದೈತೇನ್ರಿ?"

"ಭಾಳ ಬಂದೈತವ್ವಾ!"

"ನನಗೂ ಬಂದೈತ್ರಿ!"

ಅವಳಿಗೂ ಹೆದರಿಕೆಯಾಗುತ್ತದೆಂಬುದು ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ. ಮನೆಯಲ್ಲಿದ್ದ ಹೆದರಿಕೆಯನ್ನೆಲ್ಲ ನಾನೊಬ್ಬನೇ ಬಳಸಿಕೊಂಡಿದ್ದೆ. ಅವಳ ಗದ್ದದ ಮೇಲಿನ ಹೊಸ ಗಾಯ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ. ತುಸು ಬಾಗಿದ ಮೊಣಕಾಲು ಕಾಣುತ್ತಿತ್ತು, ಎತ್ತಿದ ಮುಖ ಕಾಣುತ್ತಿತ್ತು.

ಅವಳು ಮತ್ತೆ ಹೆಬ್ಬೆರಳು ಎತ್ತಿದಳು. ಬಿಟ್ಟೆ.