ಅವ್ವನ ಗಂಟಿಗೆ ಸಿಕ್ಕ ಗಿಯರ್

ಅಂಗಳದಲ್ಲಿ ನನ್ನ ಗಿಯರ್ ಸೈಕಲ್ ತಲೆಕೆಳಗಾಗಿ ನಿಂತು ಒಂದು ತಾಸಾಗಿತ್ತು. ಪೆಡಲ್ ಹತ್ತಿರದ ಮುಂದಿನ ಗಿಯರ್ ಎಷ್ಟು ಬದಲಿಸಿದರೂ ಚೈನು ಸಣ್ಣ ಹಲ್ಲುಚಕ್ರ ಬಿಟ್ಟು ದೊಡ್ಡದಕ್ಕೆ ಏರಲೊಲ್ಲದು. ಮೊಬೈಲ್ ವಿಡಿಯೊದವನು ಹೇಳಿದಂತೆ ಎರಡೂ ಸ್ಕ್ರೂ ತಿರುಗಿಸಿದೆ, ಕೇಬಲ್ ಬಿಗಿದೆ. ಇರಕಲ್ಲಗಡದ ಕೋಟೆಯವರೆಗೆ ಸೈಕಲ್ ಸವಾರಿ ಹೊರಡಲು ಕಾದಿದ್ದ ಗೆಳೆಯರು ಎರಡು ಸಲ ಫೋನ್ ಮಾಡಿದರು. ಕಡೆಗೆ ಗ್ರೀಸ್ ಒರೆಸಿದಾಗ ಕಂಡಿತು: ಚೈನನ್ನು ಸರಿಸುವ ಪಟ್ಟಿಯನ್ನೇ ಸೈಕಲ್ಲಿನ ಕೊಳವೆಗೆ ಸೇರಿಸಿ ಬಿಗಿದ ಕರಿದಾರ!

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ಅಮಾಸಿಗೆ ನಾನs ಕಟ್ಟೀನಿ. ಇಳಿಜಾರದಾಗ ನೀ ಹಾರಿಸ್ಕೊಂಡು ಬರೂದನ್ನ ಓಣಿ ಮಂದಿ ಎಲ್ಲಾ ನೋಡ್ತಾರ. ದೃಷ್ಟಿ ಆಕ್ಕೈತೋ ಯಪ್ಪಾ."

"ಅದಕ್ಕs ಗಿಯರ್ ಬೀಳವಲ್ದಬೇ!" ಎಂದೆ.

"ಛಲೋ ಆತು ಬಿಡು, ಮೆತ್ತಗ ಹೋಗು."

ದಾರ ಬಿಚ್ಚಿದೆ. ಚೆನ್ನಾಗಿದ್ದ ಸ್ಕ್ರೂಗಳನ್ನು ನಾನೇ ಕೆಡಿಸಿದ್ದೆನಲ್ಲ, ಅವನ್ನು ಸರಿಮಾಡಲು ಇನ್ನೊಂದು ತಾಸು ಹಿಡಿಯಿತು. ಅವ್ವ ಎದುರಿಗೇ ನಿಂತು ಅದೇ ದಾರವನ್ನು ಹ್ಯಾಂಡಲ್ಲಿಗೆ ಕಟ್ಟಿಸಿದಳು.

ಈಗ ಗಿಯರ್ ಬೆಣ್ಣೆಯಂತೆ ಸರಿಯುತ್ತದೆ. ಆದರೆ ಇಳಿಜಾರು ಬಂತೆಂದರೆ ಕಣ್ಣು ಆ ಗಂಟಿನ ಮೇಲೆ ಹೋಗುತ್ತದೆ, ಕೈ ತಾನಾಗಿ ಬ್ರೇಕ್ ಹಿಡಿಯುತ್ತದೆ.